ಹೆಸರೊಂದು, ಪಕ್ಷವೆರಡು

ರಾಜಕೀಯ ಪಕ್ಷವೊಂದು ಇಬ್ಭಾಗವಾದಾಗ ಎರಡು ಕಡೆಯವರೂ ತತ್ತ್ವಭೇದವನ್ನೇ ಕಾರಣವೆಂದು ಸಾರುವುದು ಲೋಕರೂಢಿ. ತತ್ತ್ವವು ಭೇದಕ್ಕೆ ಮುಂಚೆಯೇ ಇದ್ದಿತೋ, ಭೇದವಾದ ಮೇಲೆ ಹೊದಿಸಿದ ಹೊದಿಕೆಯೋ ಎಂಬುದನ್ನು ವಿಚಾರಿಸುವ ಭಾರ ಚರಿತ್ರಕಾರನದು. ೧೯೬೯ರಲ್ಲಿ ಕಾಂಗ್ರೆಸ್ ಮಹಾಸಂಸ್ಥೆಯು ಒಡೆದ ವೃತ್ತಾಂತವು ಈ ವಿಚಾರಕ್ಕೆ ತಕ್ಕ ಉದಾಹರಣೆ. ಆ ಒಡಕು ಮೊದಲು ಕಾಣಿಸಿಕೊಂಡದ್ದು ಬೆಂಗಳೂರಿನಲ್ಲಿ.

ಆ ವರ್ಷದ ಮೇ ೩ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ದಿವಂಗತರಾದರು. ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಅಧ್ಯಕ್ಷರು ನಿಜಲಿಂಗಪ್ಪನವರು. ಪ್ರಧಾನಮಂತ್ರಿ ಇಂದಿರಾಗಾಂಧಿಯವರು ಆರ್ಥಿಕ ನೀತಿಯ ಕುರಿತು ಕೆಲವು ಸೂಚನೆಗಳನ್ನು ಬರೆದು ಕಳುಹಿದ್ದರು. ಬ್ಯಾಂಕುಗಳ ವಿಷಯವೇನೂ ಹೊಸದಲ್ಲ. ಅವುಗಳ ಮೇಲೆ ಸಾಮಾಜಿಕ ನಿಯಂತ್ರಣವಿರಬೇಕೆಂದು ೧೯೬೭ರಲ್ಲಿಯೇ ಪಕ್ಷವು ನಿರ್ಣಯಿಸಿದ್ದಿತು. ಆ ಚರ್ಚೆಯು ಹೇಗೋ ರಾಜಿಯಲ್ಲಿ ಮುಗಿಯಿತು. ರಾಜಿಗೆ ಒಗ್ಗದೆ ಉಳಿದದ್ದು ರಾಷ್ಟ್ರಪತಿ ಪದವಿಗೆ ಯಾರನ್ನು ನಿಲ್ಲಿಸಬೇಕೆಂಬ ಪ್ರಶ್ನೆ. ಪಕ್ಷದ ಪಾರ್ಲಿಮೆಂಟರಿ ಮಂಡಳಿಯು ೪ಕ್ಕೆ ೨ ಮತಗಳಿಂದ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿಯವರು ಸೂಚಿಸಿದ್ದ ಜಗಜೀವನರಾಮರ ಹೆಸರು ಬಿದ್ದುಹೋಯಿತು.

ಅಲ್ಲಿಂದ ಮುಂದೆ ತತ್ತ್ವಕ್ಕೆ ಒಮ್ಮೆಗೇ ವೇಗ ಬಂದಿತು. ಜುಲೈ ೧೬ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸಿನ ಖಾತೆ ಹೋಯಿತು. ೧೯ರಂದು ೧೪ ಬ್ಯಾಂಕುಗಳು ಸುಗ್ರೀವಾಜ್ಞೆಯ ಮೂಲಕ ರಾಷ್ಟ್ರದ ಸೊತ್ತಾದುವು. ಕೆನರಾ, ಸಿಂಡಿಕೇಟ್ ಎಂಬ ನಮ್ಮ ಕರಾವಳಿಯ ಬ್ಯಾಂಕುಗಳೂ ಅವುಗಳೊಳಗೆ ಸೇರಿದ್ದುವು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯವರೇ ಕಡೆಗೆ ಅಂತಃಸಾಕ್ಷಿಯಂತೆ ಮತ ನೀಡಬಹುದೆಂದರು. ಇತ್ತ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳೊಡನೆ ಮಾತನಾಡಿದ್ದು ಎದುರಾಳಿಗಳಿಗೆ ಒಳ್ಳೆಯ ಅಸ್ತ್ರವಾಯಿತು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ಗೆದ್ದರು. ನವೆಂಬರ್ ೧೨ರಂದು ಇಂದಿರಾಗಾಂಧಿಯವರನ್ನು ಪಕ್ಷದಿಂದ ಹೊರಗಟ್ಟಿದುದಾಯಿತು. ಹೊರಗಾದವರು ಯಾರೆಂಬುದು ಮಾತ್ರ ಅಷ್ಟು ಸುಲಭವಾಗಿ ತೀರ್ಮಾನವಾಗಲಿಲ್ಲ.

ಹೆಸರು ಯಾರದು? ಜೋಡೆತ್ತಿನ ಗುರುತು ಯಾರದು? ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೭೧ರ ನವೆಂಬರಿನಲ್ಲಿ ಇಂದಿರಾಗಾಂಧಿಯವರ ಕಡೆಗೆ ತೀರ್ಪಾಯಿತು. ತೀರ್ಪಿಗೆ ಆಧಾರವಾದದ್ದು ಶಾಸನಸಭೆಗಳಲ್ಲಿಯೂ ಪಕ್ಷದ ಸಮಿತಿಗಳಲ್ಲಿಯೂ ಯಾರ ಕಡೆ ಹೆಚ್ಚು ಮಂದಿ ಇದ್ದರೆಂಬ ಎಣಿಕೆ. ಎರಡು ಕಡೆಯವರೂ ಎರಡು ವರ್ಷ ಎಡೆಬಿಡದೆ ಉಚ್ಚರಿಸಿದ ತತ್ತ್ವವು ಎಣಿಕೆಗೆ ಸಿಕ್ಕುವ ಪದಾರ್ಥವಲ್ಲವಷ್ಟೆ!

ಆದರೂ ಇದೆಲ್ಲ ಬರಿಯ ನಟನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ೧೯೭೧ರಲ್ಲಿ ಮೈಸೂರು ರಾಜ್ಯದ ೨೭ ಲೋಕಸಭಾ ಸ್ಥಾನಗಳೂ ಹೊಸ ಕಾಂಗ್ರೆಸ್ಸಿಗೆ ಸಂದುವು. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ೧೯೭೪ರ ಭೂಸುಧಾರಣೆಯಿಂದ ಗೇಣಿಪದ್ಧತಿಯು ರದ್ದಾಗಿ, ತಲೆಮಾರುಗಳಿಂದ ಪರರ ಹೊಲ ಉಳುತ್ತಿದ್ದ ಅನೇಕರು ಅದರ ಒಡೆಯರಾದರು. ಗಾಜಿನ ಮನೆಯ ಮತಎಣಿಕೆಯ ಕಥೆ ಆ ಗೇಣಿದಾರನಿಗೆ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಹೊದಿಕೆಯಾಗಿ ಬಂದದ್ದು ಅವನ ಪಾಲಿಗೆ ಒಡಲೇ ಆಯಿತು.

ನಾಯಕರ ಗತಿ ಬೇರೆ. ಹಳೆಯ ಕಾಂಗ್ರೆಸ್ಸು ೧೯೭೭ರಲ್ಲಿ ಜನತಾ ಪಕ್ಷದೊಳಗೆ ಕರಗಿತು. ಯಾರ ಹೆಸರಿನಿಂದ ಜಗಳ ಮೊದಲಾಯಿತೋ ಆ ಸಂಜೀವ ರೆಡ್ಡಿಯವರು ಆ ವರ್ಷವೇ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಹೊಸ ಕಾಂಗ್ರೆಸ್ಸು ೧೯೭೮ರ ಜನವರಿಯಲ್ಲಿ ಮತ್ತೊಮ್ಮೆ ಒಡೆಯಿತು. ಅದೇ ನವೆಂಬರಿನಲ್ಲಿ ಅರಸರು ಮುಂದೆ ನಿಂತು ಇಂದಿರಾಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿದರು. ಎದುರು ನಿಂತು ಸೋತವರು, ಒಡಕಿನಲ್ಲಿ ನಿಜಲಿಂಗಪ್ಪನವರ ಪಕ್ಕದಲ್ಲಿದ್ದ ವೀರೇಂದ್ರ ಪಾಟೀಲರು. ಏಳೆಂಟು ತಿಂಗಳಲ್ಲಿ ಅರಸರು ಪಕ್ಷದಿಂದ ಹೊರಬಿದ್ದರು. ೧೯೮೦ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದ ೨೮ ಸ್ಥಾನಗಳೊಳಗೆ ಇಂದಿರಾ ಕಾಂಗ್ರೆಸ್ಸಿಗೆ ೨೭ ದೊರೆತುವು. ಅರಸರ ಪಕ್ಷಕ್ಕೆ ಒಂದೂ ಇಲ್ಲ. ಬಾಗಲಕೋಟೆಯಿಂದ ಗೆದ್ದ ವೀರೇಂದ್ರ ಪಾಟೀಲರು ಇಂದಿರಾಗಾಂಧಿಯವರ ಸಂಪುಟದಲ್ಲಿ ಮಂತ್ರಿಗಳಾದರು.