ಅರಗಿನ ಮೆರುಗೂ ರಬ್ಬರಿನ ಕಲೆಯೂ

1897ರ ಅಗ್ನಿಗೆ ಆಹುತಿಯಾದ ಮರದ ಅರಮನೆಯ ಸ್ಥಾನದಲ್ಲಿ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ನನ ಯೋಜನೆಯಂತೆ 1912ರಲ್ಲಿ ಸಿದ್ಧವಾದ ಮೈಸೂರಿನ ಅರಮನೆಯೊಳಗೆ, ಅಂಬಾವಿಲಾಸವೆಂಬ ಸಭಾಂಗಣದ ದಂತಖಚಿತವಾದ ಬೀಟೆಯ ಬಾಗಿಲನ್ನು ನೋಡಿದವರಿಗೆ, ಮಂಡಿ ಮೊಹಲ್ಲದ ಇನ್‌ಲೇ ಕುಶಲಕರ್ಮಿಗಳ ವಂಶಪಾರಂಪರ್ಯದ ವಿದ್ಯೆ ಎಂತಹುದೆಂಬುದನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಆದರೆ ಚಿತ್ರವನ್ನು ಕೂಡಿಸಿದ ಕೈಯನ್ನು ಕೊಂಡಾಡುವ ನಾವು, ಅದರ ಮೇಲೆ ಮೆರುಗನ್ನೇರಿಸಿದ ಕೈಯನ್ನು ಮರೆಯುತ್ತೇವೆ, ಇದು ನ್ಯಾಯವಲ್ಲ.

ಆ ಮೆರುಗು ಹುಟ್ಟುವುದು ಅರಗಿನಿಂದ. ಮೈಸೂರು ಸೀಮೆಯ ಕಾಡುಗಳಲ್ಲಿ ಜಾಲಾರಿಯ ಕೊಂಬೆಗಳನ್ನಾಶ್ರಯಿಸಿದ ಕ್ಷುದ್ರಕೀಟವು ಸ್ರವಿಸುವ ರಾಳವನ್ನು ಶುದ್ಧಿಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಉಂಡೆಗೆ ಹೀರಿಸಿ, ಹಲಗೆಯ ಮೇಲೆ ವೃತ್ತಾಕಾರವಾಗಿ ಒರಸುತ್ತ, ಒಂದು ಲೇಪ ಒಣಗಿದ ಮೇಲೆ ಮತ್ತೊಂದನ್ನು ಎಳೆಯುವುದೇ ಫ್ರೆಂಚ್ ಪಾಲಿಶ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ನಗರದಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಗೆ ಮೂಲಾಧಾರವಾದುದೂ ಈ ವನ್ಯಸಂಪತ್ತೇ. 1962ರ ಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಮಸಿಯಿಂದ ಅದು ದೇಶವಿಖ್ಯಾತವಾಯಿತಾದರೂ, ಅದರ ಹೆಸರಿನ ಮೊದಲಲ್ಲಿದ್ದ ಅರಗನ್ನು ನೆನೆಯುವವರು ವಿರಳರೆಂಬುದು ನನಗೆ ವಿಷಾದದ ಸಂಗತಿ.

ಈ ಅರಗಿನ ಮೆರುಗಿಗೆ ಕಂಟಕವಾಗಿ ಬಂದುದು ರಬ್ಬರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕವನ್ನು ಬೆರಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವ ಬಗೆಯನ್ನು ಕಂಡುಕೊಂಡ ಮೇಲೆ, ಆ ವಸ್ತು ಯಂತ್ರಗಳ ಪಾದಗಳಿಗೂ ಕುರ್ಚಿಯ ಕಾಲಿನ ಬುಷ್ಷುಗಳಿಗೂ ಸೇರಿತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಿನಲ್ಲಿ ಬಾನುಲಿ ಕೇಂದ್ರವನ್ನಾರಂಭಿಸಿದ ಮೇಲಿನ ದಶಕಗಳಲ್ಲಿ ಮನೆಮನೆಗೆ ಬಂದ ರೇಡಿಯೋ ಪೆಟ್ಟಿಗೆಯಾಗಲಿ, ಕಚೇರಿಯ ಟೈಪ್‌ರೈಟರ್ ಆಗಲಿ, ಬೀಟೆಯ ಮೇಜಿನ ಮೇಲೆ ರಬ್ಬರಿನ ಕಾಲೂರಿ ಬಹುಕಾಲ ಕುಳಿತರೆ, ರಬ್ಬರಿಗೆ ಬೆರಸಿದ ಎಣ್ಣೆಗಳೂ ಅದು ಹಳತಾಗದಂತೆ ಕಾಯುವ ರಾಸಾಯನಿಕಗಳೂ ಮೆಲ್ಲನೆ ಜಿನುಗಿ ಅರಗಿನ ಪದರದೊಳಕ್ಕೆ ಇಳಿದು ಕಲೆಯನ್ನುಂಟುಮಾಡುತ್ತವೆ. ಬೇಸಗೆಯ ಸೆಕೆ ಇದನ್ನು ತ್ವರೆಗೊಳಿಸುತ್ತದೆ.

ರಬ್ಬರು ಮೇಲ್ಮೈಯಲ್ಲಿ ಮಾತ್ರ ಉಜ್ಜಿ ಬಿಟ್ಟ ಕರಿಗೆರೆಯು ಮೃದುವಾದ ಒಣಬಟ್ಟೆಗೇ ಬಿಡಬಹುದು. ಬಿಡದಿದ್ದರೆ ಟರ್ಪೆಂಟೈನನ್ನು ಕಿಂಚಿತ್ತು ಸೋಂಕಿಸಿದ ಬಟ್ಟೆಯಿಂದ, ಮೊದಲು ಮರೆಯಾದ ಮೂಲೆಯೊಂದರಲ್ಲಿ ಪರೀಕ್ಷಿಸಿ, ಒರಸಬೇಕು. ಅವಸರದ ಗೃಹಸ್ಥನು ಸ್ಪಿರಿಟ್ಟನ್ನು ಸುರಿದನೆಂದರೆ ಕಲೆಯ ಜೊತೆಗೆ ಮೆರುಗೂ ಕರಗಿಹೋಗುತ್ತದೆ. ಒಳಗಿಳಿದ ಕಲೆಯಾದರೋ ಒರಸಿದರೆ ಹೋಗತಕ್ಕುದಲ್ಲ. ಬಣ್ಣಗೆಟ್ಟ ಪದರವನ್ನು ನಯವಾದ ಉಪ್ಪುಕಾಗದದಿಂದ ತೆಗೆದು ಹೊಸ ಅರಗನ್ನೆಳೆಯಬೇಕು. ಆಗ ಹಳೆಯ ಲೇಪದ ಅಂಚನ್ನು ಹೊಸ ಲೇಪದೊಳಗಿನ ಸ್ಪಿರಿಟ್ಟು ತಾನೇ ಕರಗಿಸಿಕೊಂಡು ಎರಡನ್ನೂ ಒಂದಾಗಿಸುವುದರಿಂದ, ಪಳಗಿದ ಕೈಯಾದರೆ ಸಂಧಿಯೇ ಕಾಣದು. ಹಾನಿಗೆ ಕಾರಣವಾದ ಗುಣವೇ ದುರಸ್ತಿಗೂ ಸಾಧನವಾಗುವ ಈ ಸೌಲಭ್ಯ, ಇಂದು ರೂಢಿಗೆ ಬಂದಿರುವ ಮೆಲಮೈನ್ ಪಾಲಿಶಿಗಿಲ್ಲ: ಅದು ಸ್ಪಿರಿಟ್ಟಿಗೆ ಸುಲಭವಾಗಿ ಜಗ್ಗದು ನಿಜ, ಆದರೆ ರಬ್ಬರಿನ ಕಲೆ ಅದರೊಳಗೆ ಬೇರೂರಿತೆಂದರೆ, ಹಳೆಯದರಲ್ಲಿ ಹೊಸದು ಬೆರೆಯದ ಕಾರಣ, ಬಹುಮಟ್ಟಿಗೆ ಮೇಜಿನ ಮುಖವನ್ನೆಲ್ಲ ಕೆರೆದು ಮೊದಲಿನಿಂದ ತೊಡಗಬೇಕಾಗುತ್ತದೆ. ಆದುದರಿಂದಲೇ ಪುರಾತನ ಪೀಠೋಪಕರಣವುಳ್ಳವರು ಅದರ ಅರಗನ್ನು ಕೆರೆಸಿ ಹೊಸ ಲೇಪ ಹಾಕಿಸುವ ಆತುರಕ್ಕೆ ಬೀಳದೆ, ಯಂತ್ರದ ಕಾಲಡಿಗೆ ಒಂದು ತುಂಡು ಬನಾತನ್ನಿಟ್ಟು, ಕಲೆಯಾದೆಡೆ ಪಾಲಿಶ್ ಕೆಲಸ ಬಲ್ಲ ಹಿರಿಯರನ್ನು ಕರೆಸುವುದು ಲೇಸೆಂದು ನಾನು ಭಾವಿಸುತ್ತೇನೆ.