ಕಿರಣ ಓರೆಯಾದಾಗ: ಕಾಪಿಯರ್ ರಿಪೇರಿ ಕಸುಬಿನ ಚರಿತ್ರೆ

ಕಚೇರಿಯ ಕಾಪಿಯರ್ ಇದ್ದಕ್ಕಿದ್ದಂತೆ ಗೆರೆಗಳನ್ನು ಓರೆಯಾಗಿ ಮೂಡಿಸತೊಡಗುತ್ತದೆ, ಇಲ್ಲವೇ ಪರದೆಯ ಮೇಲೆ ಲೇಸರಿನ ಎರರ್ ಕೋಡ್ ತೋರಿಸಿ ನಿಂತುಬಿಡುತ್ತದೆ. ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದು, ಲೇಸರ್ ಯೂನಿಟ್ಟನ್ನು ಇಡಿಯಾಗಿ ಕಳಚಿ, ಇನ್ನೊಂದನ್ನು ಕೂರಿಸಿ ಬಿಲ್ ಬರೆದುಕೊಟ್ಟು ಹೋಗುತ್ತಾರೆ. ಹಿಂದಿನವರು ಸ್ಕ್ರೂ ತಿರುಗಿಸಿ ಕನ್ನಡಿ ಸರಿಪಡಿಸುತ್ತಿದ್ದರು, ಈಗಿನವರಿಗೆ ಡಬ್ಬಿ ಬದಲಿಸುವುದಷ್ಟೇ ಗೊತ್ತು ಎಂಬ ದೂರು ಹುಟ್ಟಿದ್ದು ಇಂಥದ್ದನ್ನು ನೋಡಿಯೇ. ಈ ದೂರಿನಲ್ಲಿ ಅರ್ಧ ಸತ್ಯವಿದೆ. ಕೈಯಿಂದ ಮಾಡುವ ಜೋಡಣೆ ಕಾರ್ಖಾನೆಗೆ ಹೋಯಿತು, ನಿಜ. ಆದರೆ ಲೇಸರ್ ಕಾಪಿಯರಿನ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಬೇರೆಯೇ ಒಂದು ಸಂಗತಿ ಕಾಣಿಸುತ್ತದೆ. ಈ ಯಂತ್ರ ಹುಟ್ಟಿದ್ದು ದೋಷವನ್ನು ತೊಡೆದುಹಾಕಿಯಲ್ಲ, ದೋಷವಿದ್ದರೂ ಕೆಲಸ ಕೆಡದಂತೆ ನೋಡಿಕೊಂಡು. ಹಾಗೆ ಕಟ್ಟಿದ ಯಂತ್ರ ಕೆಟ್ಟಾಗ ತಿದ್ದುವ ಕೆಲಸಕ್ಕಿಂತ ಎಲ್ಲಿ ಕೆಟ್ಟಿದೆ ಎಂದು ಪತ್ತೆಹಚ್ಚುವ ಕೆಲಸವೇ ದೊಡ್ಡದಾಗುತ್ತದೆ. ಕಸುಬು ಉಳಿದಿರುವುದೂ ಅಲ್ಲಿಯೇ.

ಮೊದಲ ತಲೆಮಾರಿನ ಕಾಪಿಯರುಗಳಲ್ಲಿ ಲೇಸರ್ ಇರಲಿಲ್ಲ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಗಂಧಕ ಲೇಪಿಸಿದ ಸತುವಿನ ತಗಡಿನ ಮೇಲೆ ಅಂದಿನ ತಾರೀಕನ್ನೂ ಆ ಜಾಗದ ಹೆಸರನ್ನೂ ಒಣಪುಡಿಯಿಂದ ಮೂಡಿಸಿದರು. ಅದು ಕಚೇರಿಯ ಯಂತ್ರವಾಗಲು ಎರಡು ದಶಕ ಹಿಡಿಯಿತು. 1959ರಲ್ಲಿ ಹೊರಬಂದ ಜೆರಾಕ್ಸ್ 914ರ ತೂಕ ಸುಮಾರು 294 ಕಿಲೋ. ಅದನ್ನು ಕೊಳ್ಳುವವರಿಗಿಂತ ಬಾಡಿಗೆಗೆ ಪಡೆಯುವವರೇ ಹೆಚ್ಚು. ತಿಂಗಳ ಬಾಡಿಗೆ 95 ಡಾಲರ್, ಅದರಲ್ಲಿ 2,000 ಪ್ರತಿ ಸೇರಿರುತ್ತಿತ್ತು, ಮೇಲಿನ ಪ್ರತಿಗಳಿಗೆ ಬೇರೆ ಲೆಕ್ಕ. ಯಂತ್ರ ನಿಂತರೆ ನಷ್ಟ ಕಂಪನಿಗೇ ಆದ್ದರಿಂದ ಊರೂರು ತಿರುಗಿ ರಿಪೇರಿ ಮಾಡುವ ತಂತ್ರಜ್ಞರ ಪಡೆ ಈ ವ್ಯಾಪಾರದ ಬೆನ್ನೆಲುಬಾಯಿತು. ಮುಂದಿನ ವರ್ಷಗಳ ಅನಲಾಗ್ ಕಾಪಿಯರುಗಳಲ್ಲಿ ಗಾಜಿನ ಕೆಳಗೆ ದೀಪವೂ ಮೊದಲ ಕನ್ನಡಿಯೂ ಒಂದು ವೇಗದಲ್ಲಿ, ಉಳಿದೆರಡು ಕನ್ನಡಿಗಳು ಅದರ ಅರ್ಧ ವೇಗದಲ್ಲಿ ಸರಿಯುತ್ತಿದ್ದವು. ಬೆಳಕು ಸಾಗುವ ದೂರ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಲೆಂದು ಈ ಏರ್ಪಾಡು. ಎಳೆಯುವ ಉಕ್ಕಿನ ಹಗ್ಗ ಒಂದು ಬದಿಯಲ್ಲಿ ಸಡಿಲಗೊಂಡರೆ ಕನ್ನಡಿ ಸೊಟ್ಟಗಾಗಿ, ಪ್ರತಿಯೂ ಸೊಟ್ಟಗಾಗುತ್ತಿತ್ತು. ತಂತ್ರಜ್ಞರು ಕ್ಲಾಂಪ್ ಸಡಿಲಿಸಿ, ಕನ್ನಡಿಗಳನ್ನು ಸಮಾನಾಂತರಕ್ಕೆ ತಂದು, ಚೌಕುಳಿ ಹಾಳೆಯೊಂದನ್ನು ಕಾಪಿ ತೆಗೆದು ನೋಡಿ ಮತ್ತೆ ಬಿಗಿಯುತ್ತಿದ್ದರು. ದೋಷವೂ ಕಣ್ಣಿಗೆ ಕಾಣುತ್ತಿತ್ತು, ಮದ್ದೂ ಕೈಗೆ ಎಟಕುತ್ತಿತ್ತು. ಹಳೆಯ ಕಾಲದ ಬಗೆಗಿನ ಹಂಬಲಕ್ಕೆ ಮೂಲ ಇದು.

ಲೇಸರ್ ಬಂದಾಗ ಈ ನಂಟು ಕಡಿಯಿತು. ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ವೆಬ್‌ಸ್ಟರಿನಲ್ಲಿದ್ದಾಗಲೇ ಲೇಸರಿನಿಂದ, ಪ್ರತಿಯ ಬಿಂಬ ಮೂಡುವ ಡ್ರಮ್ಮಿನ ಮೇಲೆ ನೇರವಾಗಿ ಬರೆಯುವ ಯೋಚನೆ ಹಿಡಿದಿದ್ದರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಹೊಸದಾಗಿ ತೆರೆದಿದ್ದ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ ಹೋಗಿ, ಜೆರಾಕ್ಸ್ 7000 ಕಾಪಿಯರೊಂದನ್ನೇ ಮಾರ್ಪಡಿಸಿ, ಆ ವರ್ಷ ಮುಗಿಯುವುದರೊಳಗೆ ಅವರು ಅದನ್ನು ಮಾಡಿ ತೋರಿಸಿದರು. ಕಿರಣವನ್ನು ಡ್ರಮ್ಮಿನ ಉದ್ದಕ್ಕೂ ಗುಡಿಸುವಂತೆ ಓಡಿಸಲು ಹಲವು ಮುಖಗಳ ಕನ್ನಡಿಯೊಂದು ಗಿರ್ರನೆ ಸುತ್ತುತ್ತಿರಬೇಕು. ತೊಡಕು ಇರುವುದೇ ಈ ಕನ್ನಡಿಯಲ್ಲಿ. ಇಂದಿನ 600 ಡಿಪಿಐ (ಇಂಚಿಗೆ 600 ಚುಕ್ಕೆ) ಯಂತ್ರದ ಲೆಕ್ಕವನ್ನೇ ಹಾಕಿ ನೋಡಬಹುದು. ಗೆರೆಯಿಂದ ಗೆರೆಗೆ ಅಂತರ ಸುಮಾರು 0.042 ಮಿಲಿಮೀಟರ್. ಕಾಗದ ಸೆಕೆಂಡಿಗೆ 150 ಮಿಲಿಮೀಟರ್ ಸರಿದರೆ ಸೆಕೆಂಡಿಗೆ ಸುಮಾರು 3,500 ಗೆರೆ ಬೇಕು. ಒಂದೇ ಕಿರಣ, ಆರು ಮುಖದ ಕನ್ನಡಿ ಎಂದಿಟ್ಟುಕೊಂಡರೆ ಅದು ನಿಮಿಷಕ್ಕೆ ಸುಮಾರು 35,000 ಸುತ್ತು ಸುತ್ತಬೇಕು. ಆರರಲ್ಲಿ ಒಂದು ಮುಖ ಡಿಗ್ರಿಯ ಸಾವಿರದಲ್ಲೊಂದು ಪಾಲು ವಾಲಿದ್ದರೂ ಸಾಕು, ಕಿರಣ ಅದರ ಇಮ್ಮಡಿ ವಾಲಿ, 30 ಸೆಂಟಿಮೀಟರ್ ಆಚೆಗಿರುವ ಡ್ರಮ್ಮಿನ ಮೇಲೆ 0.01 ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿದು ಬೀಳುತ್ತದೆ. ಅದು ಗೆರೆಯ ಅಂತರದ ಕಾಲು ಭಾಗ. ಪ್ರತಿ ಆರನೆಯ ಗೆರೆಯೂ ಹೀಗೆ ಸರಿದರೆ ಬೂದು ಬಣ್ಣದ ಜಾಗದಲ್ಲೆಲ್ಲ ಪಟ್ಟೆಗಳೇಳುತ್ತವೆ. ಇಷ್ಟು ನಿಖರವಾದ ಕನ್ನಡಿಯನ್ನು ಪ್ರಯೋಗಶಾಲೆಗೆ ಒಂದು ಮಾಡಿಕೊಳ್ಳಬಹುದು, ಸಾವಿರಗಟ್ಟಲೆ ಮಾಡಿ ಮಾರಲಾಗದು.

ಸ್ಟಾರ್ಕ್‌ವೆದರ್ ಕಂಡುಕೊಂಡ ಉಪಾಯ ಕನ್ನಡಿಯನ್ನು ಇನ್ನಷ್ಟು ನಿಖರಗೊಳಿಸುವುದಾಗಿರಲಿಲ್ಲ. ದಾರಿಯಲ್ಲಿ ಉರುಳೆಯಾಕಾರದ ಲೆನ್ಸ್ ಇಟ್ಟು, ಮೇಲೆ ಕೆಳಗಿನ ದಿಕ್ಕಿನಲ್ಲಿ ಕನ್ನಡಿಯ ಮುಖವೇ ಡ್ರಮ್ಮಿನ ಮೇಲೆ ಬಿಂಬವಾಗಿ ಬೀಳುವಂತೆ ಮಾಡಿದರು. ಹೀಗಾದಾಗ ವಾಲಿದ ಮುಖದಿಂದ ಹೊರಟ ಕಿರಣ ದಾರಿಯಲ್ಲಿ ಎತ್ತ ಸರಿದರೂ ಕೊನೆಗೆ ಅದೇ ಗೆರೆಗೆ ಬಂದು ಸೇರುತ್ತದೆ. ಕನ್ನಡಿಯ ದೋಷ ಇದ್ದಲ್ಲೇ ಇರುತ್ತದೆ, ಕಾಗದಕ್ಕೆ ಮಾತ್ರ ತಲುಪುವುದಿಲ್ಲ. ಅಡ್ಡ ದಿಕ್ಕಿಗೆ ಇನ್ನೊಂದು ಏರ್ಪಾಡು ಬೇಕಾಯಿತು. ಪ್ರತಿ ಗೆರೆಯ ಆರಂಭದಲ್ಲಿ, ಬರೆಯುವ ಜಾಗ ತಲುಪುವ ಮೊದಲೇ, ಕಿರಣ ಒಂದು ಪುಟ್ಟ ಸೆನ್ಸರನ್ನು ತಾಕಿ ಹೋಗುತ್ತದೆ. ಮೆಕ್ಯಾನಿಕ್‌ಗಳು ಬಿ.ಡಿ. (ಬೀಮ್ ಡಿಟೆಕ್ಟ್) ಸಿಗ್ನಲ್ ಎನ್ನುವುದು ಇದನ್ನೇ. ತಾಕಿದ ಕ್ಷಣದಿಂದ ಇಂತಿಷ್ಟು ಸಮಯ ಎಣಿಸಿ ಯಂತ್ರ ಗೆರೆ ಬರೆಯಲು ತೊಡಗುತ್ತದೆ. ಮುಖಗಳ ನಡುವಿನ ಕೋನ ಕೊಂಚ ಹೆಚ್ಚುಕಡಿಮೆಯಾದರೂ ಎಡ ಅಂಚು ನೆಟ್ಟಗಿರುತ್ತದೆ. 1977ರಲ್ಲಿ ಮಾರುಕಟ್ಟೆಗೆ ಬಂದು ನಿಮಿಷಕ್ಕೆ 120 ಪುಟ ಮುದ್ರಿಸಿದ ಜೆರಾಕ್ಸ್ 9700, ಅದರ ಮುಂದೆ ಬಂದ ಕಚೇರಿಯ ಡಿಜಿಟಲ್ ಕಾಪಿಯರುಗಳು ಎಲ್ಲವೂ ನಿಂತಿರುವುದು ಇಂಥ ಹೊಂದಾಣಿಕೆಗಳ ಮೇಲೆ.

ಮುಂದಿನ ಹೆಜ್ಜೆ ಡಬ್ಬಿಯ ಬಾಯಿ ಮುಚ್ಚಿದ್ದು. ಆರಂಭದ ಅನಿಲ ಲೇಸರುಗಳ ಜಾಗದಲ್ಲಿ ಬೆರಳ ತುದಿಯಷ್ಟಿನ ಡಯೋಡ್ ಲೇಸರ್ ಬಂತು. 1982ರಲ್ಲಿ ಕ್ಯಾನನ್ ಕಂಪನಿ ತನ್ನ ಪಿಸಿ-10 ಕಾಪಿಯರಿನಲ್ಲಿ ಡ್ರಮ್ಮು, ಟೋನರುಗಳನ್ನು ಒಂದೇ ಕಾರ್ಟ್ರಿಡ್ಜಿನಲ್ಲಿ ಸೇರಿಸಿ, ಬಳಸುವವರೇ ಬದಲಿಸಿಕೊಳ್ಳುವಂತೆ ಮಾಡಿತು. 1984ರಲ್ಲಿ ಅದೇ ಕಂಪನಿಯ ಎಂಜಿನ್ ಹೊತ್ತು ಎಚ್‌ಪಿ ಲೇಸರ್‌ಜೆಟ್ 3,495 ಡಾಲರಿಗೆ ಬಂತು. ಡಯೋಡ್, ಸುತ್ತುವ ಕನ್ನಡಿ, ಲೆನ್ಸುಗಳು, ಸೆನ್ಸರ್ ಇವೆಲ್ಲ ಒಂದು ಮುಚ್ಚಿದ ಯೂನಿಟ್ಟಿನೊಳಗೆ ಸೇರಿ, ಕಾರ್ಖಾನೆಯಲ್ಲೇ ಹೊಂದಿಸಿದ ಸ್ಕ್ರೂಗಳನ್ನು ಮುಟ್ಟಬೇಡಿ, ಕೆಟ್ಟರೆ ಇಡಿಯಾಗಿ ಬದಲಿಸಿ ಎನ್ನುವುದು ಸರ್ವಿಸ್ ಮ್ಯಾನ್ಯುಯಲ್ಲುಗಳ ಸಾಮಾನ್ಯ ಸೂಚನೆಯಾಯಿತು. ಇದು ಬಿಡಿಭಾಗ ಮಾರುವ ಹುನ್ನಾರ ಎನ್ನುವವರಿದ್ದಾರೆ. ಲಾಭದ ಲೆಕ್ಕ ಇಲ್ಲವೆಂದೇನೂ ಅಲ್ಲ. ಆದರೆ ಮೇಲಿನ ಲೆಕ್ಕವನ್ನು ನೆನೆದರೆ ಸೂಚನೆಯ ಹಿಂದಿನ ಕಾರಣವೂ ತಿಳಿಯುತ್ತದೆ: ಡಿಗ್ರಿಯ ಸಣ್ಣ ಪಾಲುಗಳನ್ನು ಅಳೆಯುವ ಸಾಧನ ಕಾರ್ಖಾನೆಯ ಮೇಜಿನ ಮೇಲಿರುತ್ತದೆ, ಮೆಕ್ಯಾನಿಕ್‌ನ ಚೀಲದಲ್ಲಿರುವುದಿಲ್ಲ. ಜೊತೆಗೆ, ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಕಿರಣ ಕಣ್ಣಿಗೆ ಸರಿಯಾಗಿ ಕಾಣದಂಥದು. ಮುಚ್ಚಿರುವಾಗ ಪೂರ್ತಿ ಸುರಕ್ಷಿತ ಎಂಬ ದರ್ಜೆಯ ಯಂತ್ರ, ಮುಚ್ಚಳದ ಸ್ವಿಚ್ಚನ್ನು ಒತ್ತಿಹಿಡಿದು ಒಳಗೆ ಇಣುಕಿದವರ ಕಣ್ಣನ್ನೇ ಕಳೆಯಬಲ್ಲದು.

ಹಾಗಾದರೆ ಮೆಕ್ಯಾನಿಕ್ ಬರಿ ಡಬ್ಬಿ ಬದಲಿಸುವ ಆಳಾದರೇ? ಈ ಆಕ್ಷೇಪಕ್ಕೆ ಒಳ್ಳೆಯ ಉತ್ತರ ಸಿಗುವುದು ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರ ಅಧ್ಯಯನದಲ್ಲಿ. ಸ್ವತಃ ರಿಪೇರಿ ಕೆಲಸ ಬಲ್ಲ ಅವರು 1980ರ ದಶಕದಲ್ಲಿ ಜೆರಾಕ್ಸ್ ತಂತ್ರಜ್ಞರ ಜೊತೆ ತಿರುಗಿ, ಅವರು ಹೇಗೆ ಯೋಚಿಸುತ್ತಾರೆಂದು ದಾಖಲಿಸಿದರು. ಪುಸ್ತಕ 1996ರಲ್ಲಿ ಬಂತು. ಯಂತ್ರ ತೋರಿಸುವ ಕೋಡ್ ಹಿಡಿದು ಮ್ಯಾನ್ಯುಯಲ್ಲಿನ ಹೆಜ್ಜೆಗಳನ್ನು ಇಟ್ಟರೆ ಸಾಕೆಂದು ಕಂಪನಿ ನಂಬಿತ್ತು. ಓರ್ ಕಂಡ ವಾಸ್ತವವೇ ಬೇರೆ. ಅವರ ಪ್ರಸಿದ್ಧ ಉದಾಹರಣೆಯೊಂದರಲ್ಲಿ ಯಂತ್ರ ಒಂದು ಕಡೆ ಬೆರಳು ತೋರಿಸುತ್ತದೆ, ನಿಜವಾಗಿ ಶಾರ್ಟ್ ಆಗಿದ್ದು ಡ್ರಮ್ಮಿಗೆ ವಿದ್ಯುದಂಶ ಕೊಡುವ ಇನ್ನೊಂದು ಭಾಗ. ಅದನ್ನು ತಂತ್ರಜ್ಞರು ಬಿಡಿಸಿದ್ದು ಹಿಂದೆ ಎಲ್ಲೆಲ್ಲಿ ಹೀಗಾಗಿತ್ತು ಎಂಬ ಕತೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು. ಊಟದ ಮೇಜಿನ ಹರಟೆಯಂತೆ ಕಾಣುತ್ತಿದ್ದದ್ದು ಕಸುಬಿನ ಜ್ಞಾನಭಂಡಾರವಾಗಿತ್ತು. ಕಂಪನಿಗೂ ಇದು ಮನವರಿಕೆಯಾಯಿತು. 1990ರ ದಶಕದಲ್ಲಿ ಫ್ರಾನ್ಸಿನ ತಂತ್ರಜ್ಞರಿಂದ ಶುರುಮಾಡಿ, ಅವರವರು ಕಂಡುಕೊಂಡ ಉಪಾಯಗಳನ್ನು ಹಂಚಿಕೊಳ್ಳುವ ಯೂರೇಕಾ ಎಂಬ ವ್ಯವಸ್ಥೆಯನ್ನು ಜೆರಾಕ್ಸ್ ಕಟ್ಟಿತು. ಮ್ಯಾನ್ಯುಯಲ್ಲೇ ಸಾಕಾಗಿದ್ದರೆ ಇದರ ಅಗತ್ಯ ಬೀಳುತ್ತಿರಲಿಲ್ಲ.

ಲೇಸರ್ ದೋಷಗಳಲ್ಲಿ ಈ ಮಾತು ಇನ್ನೂ ಸ್ಪಷ್ಟ. ಬಿ.ಡಿ. ಸಿಗ್ನಲ್ ಬಂದಿಲ್ಲ ಎಂಬ ಕೋಡ್ ಹೇಳುವುದು ಕಿರಣ ಸೆನ್ಸರಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ ಎಂಬಷ್ಟನ್ನೇ. ಕನ್ನಡಿ ತಿರುಗಿಸುವ ಮೋಟಾರು ವೇಗ ಹಿಡಿಯದಿರಬಹುದು, ಡಯೋಡ್ ಬಲಗುಂದಿರಬಹುದು, ಪಟ್ಟಿ ಕೇಬಲ್ ಕನೆಕ್ಟರಿನಲ್ಲಿ ಸಡಿಲವಾಗಿರಬಹುದು, ಸೆನ್ಸರಿಗೆ ಬೆಳಕು ಹಾಯಿಸುವ ಪುಟ್ಟ ಕನ್ನಡಿಗೆ ಧೂಳು ಕೂತಿರಬಹುದು, ಬೋರ್ಡಿಗೆ ವೋಲ್ಟೇಜೇ ಸಾಲದಿರಬಹುದು. ಯಂತ್ರ ಚಾಲೂ ಆದಾಗ ಮೋಟಾರಿನ ಸಿಳ್ಳೆಯಂಥ ದನಿ ಏರಿ ನಿಲ್ಲುತ್ತದೆಯೋ ಇಲ್ಲವೋ ಎಂದು ಕಿವಿಗೊಟ್ಟರೆ ಮೊದಲ ಅನುಮಾನ ಅಲ್ಲೇ ಬಗೆಹರಿಯಬಹುದು. ಓರೆ ಮುದ್ರಣದ ತನಿಖೆಯೂ ಹೀಗೆಯೇ. ಮೊದಲು ಯಂತ್ರದೊಳಗೇ ಇರುವ ಟೆಸ್ಟ್ ಪುಟವನ್ನು ಮುದ್ರಿಸಬೇಕು. ಅದು ನೆಟ್ಟಗಿದ್ದು ಕಾಪಿ ಮಾತ್ರ ಸೊಟ್ಟಗಿದ್ದರೆ ದೋಷ ಮೇಲಿನ ಸ್ಕ್ಯಾನರಿನದು, ಲೇಸರಿನದಲ್ಲ. ಟೆಸ್ಟ್ ಪುಟವೂ ಸೊಟ್ಟಗಿದ್ದರೆ ಅದರ ಮೇಲಿನ ಚೌಕವನ್ನು ಗಮನವಿಟ್ಟು ನೋಡಬೇಕು. ಚೌಕ ಚೌಕವಾಗಿಯೇ ಉಳಿದು ಇಡಿಯಾಗಿ ತಿರುಗಿದ್ದರೆ ಕಾಗದ ಓರೆಯಾಗಿ ಒಳಹೋಗಿದೆ, ರೋಲರುಗಳನ್ನು ನೋಡಬೇಕು. ನಿಂತ ಗೆರೆಗಳು ನೆಟ್ಟಗಿದ್ದು ಮಲಗಿದ ಗೆರೆಗಳಷ್ಟೇ ವಾಲಿ ಚೌಕದ ಮೂಲೆಗಳು ಕೆಟ್ಟಿದ್ದರೆ ಕಿರಣದ ದಾರಿ ಡ್ರಮ್ಮಿಗೆ ಸಮಾನಾಂತರವಾಗಿಲ್ಲ, ಯೂನಿಟ್ ಕೂತ ಜಾಗದಲ್ಲಿ ಹೆಚ್ಚುಕಡಿಮೆಯಾಗಿದೆ. ಉದ್ದಕ್ಕೆ ಬಿಳಿ ಪಟ್ಟಿ ಬಿದ್ದರೆ ಕಿರಣ ಹೊರಬರುವ ಗಾಜಿನ ಮೇಲಿನ ಧೂಳನ್ನು ಮೊದಲು ಒರೆಸಿ ನೋಡಬೇಕು. ಒಂದೇ ಕಲೆ 94 ಮಿಲಿಮೀಟರಿಗೊಮ್ಮೆ ಮರುಕಳಿಸಿದರೆ 30 ಮಿಲಿಮೀಟರ್ ವ್ಯಾಸದ ಡ್ರಮ್ಮೇ ತಪ್ಪಿತಸ್ಥ, ಅದರ ಸುತ್ತಳತೆ ಅಷ್ಟೇ. ಇದಾವುದನ್ನೂ ನೋಡದೆ ಲೇಸರ್ ಯೂನಿಟ್ ಬದಲಿಸಿದವರು ಗಿರಾಕಿಯ ಹಣ ಕಳೆದು ದೋಷವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಇನ್ನೊಂದು ಆಕ್ಷೇಪ ಮುಂದಿನ ಕಾಲದ ಕುರಿತಾದದ್ದು. ಯಂತ್ರವೇ ತನ್ನನ್ನು ತಾನು ಸರಿಪಡಿಸಿಕೊಳ್ಳತೊಡಗಿದ ಮೇಲೆ ಪತ್ತೆಯ ಕೆಲಸವೂ ಮುಗಿಯಿತಲ್ಲ? ಬಣ್ಣದ ಕಾಪಿಯರುಗಳು ಇದಕ್ಕೆ ಸಾಕ್ಷಿಯಂತೆ ಕಾಣುತ್ತವೆ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಕೂರುವಾಗ 0.1 ಮಿಲಿಮೀಟರ್ ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ಎಳೆ ಇಣುಕುತ್ತದೆ. ಹಾಗಾಗಿ ಯಂತ್ರ ಆಗಾಗ ಬೆಲ್ಟಿನ ಮೇಲೆ ಗುರುತುಗಳನ್ನು ಮೂಡಿಸಿ, ಸೆನ್ಸರಿನಿಂದ ಓದಿ, ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಇದೂ ಹಳೆಯ ತಂತ್ರದ್ದೇ ಮುಂದುವರಿಕೆ. ದೋಷ ಅಲ್ಲೇ ಇದೆ, ಅದರ ಪರಿಣಾಮವನ್ನು ಮರೆಮಾಡಲಾಗಿದೆ. ಬೆಲ್ಟಿಗೆ ಗೀರು ಬಿದ್ದಾಗ, ಸೆನ್ಸರಿನ ಮುಖಕ್ಕೆ ಟೋನರ್ ಮೆತ್ತಿದಾಗ ಯಂತ್ರ ತಪ್ಪಾಗಿ ಅಳೆದು, ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತದೆ. ಸುತ್ತುವ ಕನ್ನಡಿಯೇ ಬೇಡವೆಂದು ಎಲ್‌ಇಡಿಗಳ ಸಾಲನ್ನು ಬಳಸುವ ಯಂತ್ರಗಳೂ 1980ರ ದಶಕದ ಆರಂಭದಿಂದಲೇ ಇವೆ. ಅಲ್ಲಿ ಕನ್ನಡಿಯ ವಾಲಾಟವಿಲ್ಲ, ಬದಲಿಗೆ ಎಲ್‌ಇಡಿ ಸಾಲಿಗೂ ಡ್ರಮ್ಮಿಗೂ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಅಕ್ಷರ ಮಸುಕಾಗುವ ತೊಂದರೆಯಿದೆ. ಹೊಸ ತಂತ್ರ ಬಂದಂತೆ ದೋಷ ಮನೆ ಬದಲಿಸುತ್ತದೆ, ಅದನ್ನು ಹುಡುಕಿ ಹೋಗುವ ಕೆಲಸ ಹಾಗೇ ಉಳಿಯುತ್ತದೆ.

ನಮ್ಮ ಕಡೆಯ ಜೆರಾಕ್ಸ್ ಅಂಗಡಿಗಳಿಗೆ ಈ ಚರಿತ್ರೆ ದೂರದ ಸಂಗತಿಯಲ್ಲ. ಕಾಲೇಜು, ಕೋರ್ಟು, ತಾಲ್ಲೂಕು ಕಚೇರಿಗಳ ಎದುರಿನ ಅಂಗಡಿಗಳಲ್ಲಿ ಹೊರದೇಶದಲ್ಲಿ ಬಳಸಿಬಿಟ್ಟ, ಇಲ್ಲಿ ಒಪ್ಪಮಾಡಿ ಮಾರಿದ ಕಾಪಿಯರುಗಳು ಸಾಮಾನ್ಯ. ರಸ್ತೆಯ ಧೂಳು, ಮಳೆಗಾಲದ ತೇವ, ಏರಿಳಿಯುವ ಕರೆಂಟು ಮೂರೂ ಸೇರಿ ಅವುಗಳ ಆಯಸ್ಸನ್ನು ಪರೀಕ್ಷಿಸುತ್ತವೆ. ಇಂಥ ಯಂತ್ರಕ್ಕೆ ಹೊಸ ಲೇಸರ್ ಯೂನಿಟ್ ಹಾಕುವ ಖರ್ಚು ಯಂತ್ರದ ಬೆಲೆಯ ಹತ್ತಿರಕ್ಕೇ ಬರುವಂತಿದ್ದರೆ, ಬದಲಿಸಿ ಎನ್ನುವ ಮ್ಯಾನ್ಯುಯಲ್ಲಿನ ಮಾತು ಅಂಗಡಿಯವರ ಪಾಲಿಗೆ ಯಂತ್ರವನ್ನು ಗುಜರಿಗೆ ಹಾಕಿ ಎಂದಂತೆಯೇ. ಅಲ್ಲಿ ಲೆಕ್ಕಕ್ಕೆ ಬರುವುದು ಕಾರಣ ಹುಡುಕುವ ಕ್ರಮ: ಮೊದಲು ಟೆಸ್ಟ್ ಪುಟ, ಆಮೇಲೆ ಕಿವಿ, ಆಮೇಲೆ ಕನೆಕ್ಟರು ಮತ್ತು ಧೂಳು, ಕಟ್ಟಕಡೆಗೆ ಹೊಸ ಯೂನಿಟ್. ಆದ್ದರಿಂದ ಈ ಕಸುಬು ಕಲಿಸುವವರು ಬಿಚ್ಚಿ ಕೂರಿಸುವುದಕ್ಕೆ ಕೊಡುವಷ್ಟೇ ಸಮಯವನ್ನು ಕೆಟ್ಟ ಪುಟವನ್ನು ಓದುವುದಕ್ಕೂ ಕೊಡಬೇಕು, ಕಂಪನಿಗಳು ಕೋಡುಗಳ ಅರ್ಥವನ್ನೂ ಟೆಸ್ಟ್ ಕ್ರಮಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಮುಚ್ಚಿಡದೆ ಕೊಡಬೇಕು. ಲೇಸರ್ ಯೂನಿಟ್ಟನ್ನು ಮುಚ್ಚಿಡುವುದಕ್ಕೆ ನಿಖರತೆ ಮತ್ತು ಸುರಕ್ಷತೆಯ ಕಾರಣಗಳಿವೆ. ಅದರ ಕುರಿತ ತಿಳಿವಳಿಕೆಯನ್ನು ಮುಚ್ಚಿಡುವುದಕ್ಕೆ ಆ ಎರಡೂ ಕಾರಣಗಳು ಒದಗುವುದಿಲ್ಲ.