ನಾಲ್ಕು ದಿನಕ್ಕೆ ಯಾವ ಕಡಲು?

ಮಹಿಳಾ ವೇದಿಕೆಯ ಈ ಸಲದ ಪ್ರವಾಸ ಕಡಲಿಗೆ ಎಂದು ತೀರ್ಮಾನವಾದದ್ದೇ ತಡ, ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಕಡಲು ಎಂಬ ಚರ್ಚೆ ಶುರುವಾಯಿತು. ಕೆಲವರು ವಿಶಾಖಪಟ್ಟಣದ ಋಷಿಕೊಂಡ ಎಂದರು. ಬಾಪಟ್ಲದ ಸೂರ್ಯಲಂಕ ಹತ್ತಿರ, ಒಂದು ರಾತ್ರಿಯ ದಾರಿ ಎಂದರು ಇನ್ನು ಕೆಲವರು. ಗೋವಾ ಎಂದವರೂ ಇದ್ದರು. ಒಬ್ಬರು ತಮ್ಮ ಮಗಳು ಫ್ರಾನ್ಸಿನ ನೀಸ್ ಪಟ್ಟಣದಿಂದ ಕಳಿಸಿದ ಫೋಟೋ ಹಾಕಿ, "ಇಂಥದ್ದು ನಮ್ಮ ಕಡೆ ಎಲ್ಲಿದೆ ಹೇಳ್ರಿ" ಎಂದು ಕೇಳಿದರು. ಕಂಪ್ಯೂಟರ್ ಕೆಲಸದವಳೆಂದು ಪಟ್ಟಿ ಮಾಡುವ ಹೊಣೆ ನನಗೆ ಬಂತು. ಸನತ್‌ನಗರದ ಮನೆಯಲ್ಲಿ ಕೂತು ಎಕ್ಸೆಲ್ ಹಾಳೆಯಲ್ಲಿ ದೂರ, ರೈಲು, ಶೌಚಾಲಯ, ಊಟ ಎಂದು ಕಾಲಂಗಳನ್ನು ಹಾಕಿದೆ. ಕೊನೆಗೆ, ಯಾರೂ ಕೇಳದ ಒಂದು ಕಾಲಂ ಸೇರಿಸಿದೆ: ಈ ಮರಳಿನ ಮೇಲೆ ನಮಗಿಂತ ಮುಂಚೆ ಯಾರು ನಿಂತಿದ್ದರು?

ಉಳಿದ ಕಾಲಂಗಳಿಗಿಂತ ಆ ಕಾಲಂ ತುಂಬಿಸುವುದಕ್ಕೇ ಹೆಚ್ಚು ರಾತ್ರಿಗಳು ಹಿಡಿದವು. ಈ ಬರಹ ಅದರ ಫಲ.

ಮೊದಲು ನೀಸ್ ವಿಷಯ ಮುಗಿಸಿಬಿಡೋಣ. ಅಲ್ಲಿನ ಕಡಲದಂಡೆಯ ಹೆಸರಾಂತ ರಸ್ತೆಯ ಫ್ರೆಂಚ್ ಹೆಸರಿಗೆ ಆಂಗ್ಲರ ವಾಯುವಿಹಾರದ ಹಾದಿ ಎಂದರ್ಥ. ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರು 1820ರ ದಶಕದಲ್ಲಿ ಹಣ ಕೂಡಿಸಿ ಅದನ್ನು ಮಾಡಿಸಲು ಮುಂದಾದರು. ಊರು ಬಹಳ ಹಳೆಯದು, ಆದರೆ ಇಂದಿನ ಬೀಚ್ ಊರಿನ ರೂಪ ಬಂದದ್ದು ಹೀಗೆ ವಿರಾಮಕ್ಕೆ ಬಂದವರಿಂದ. ಅಂದ ಹಾಗೆ, ಅಲ್ಲಿ ದಂಡೆಯುದ್ದಕ್ಕೂ ಮರಳಿಲ್ಲ, ಉರುಟು ಕಲ್ಲು. ಫೋಟೋದಲ್ಲಿ ಅದು ಕಾಣುವುದಿಲ್ಲ.

ನಮ್ಮ ಕರಾವಳಿಯ ಕತೆ ಬೇರೆ. ಸುಮಾರು 320 ಕಿಲೋಮೀಟರ್ ಉದ್ದದ ಈ ದಂಡೆಯ ಹಳೆಯ ಪಟ್ಟಣಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವು ನೇರ ಕಡಲಿಗೆ ಮುಖ ಮಾಡಿ ನಿಂತವಲ್ಲ, ನದಿಗಳನ್ನು ಹಿಡಿದು ನಿಂತವು. ಮಿರ್ಜಾನಕ್ಕೆ ಅಘನಾಶಿನಿ, ಹೊನ್ನಾವರ ಮತ್ತು ಗೇರುಸೊಪ್ಪೆಗೆ ಶರಾವತಿ, ಬಾರಕೂರಿಗೆ ಸೀತಾ ನದಿ, ಮಂಗಳೂರಿಗೆ ನೇತ್ರಾವತಿ ಮತ್ತು ಗುರುಪುರ ನದಿಗಳು. ಕಾರಣ ಸರಳ. ಮಳೆಗಾಲದ ಅರಬ್ಬೀ ಸಮುದ್ರದ ಎದುರು ಬಯಲು ದಂಡೆಯಲ್ಲಿ ಹಡಗು ನಿಲ್ಲಲಾರದು. ಅಳಿವೆಯ ಒಳಗೆ, ಮರಳ ದಿಬ್ಬದ ಮರೆಯಲ್ಲಿ ನಿಲ್ಲಬಲ್ಲದು. ಘಟ್ಟದ ಮೆಣಸು ಇಳಿದು ಬರುತ್ತಿದ್ದದ್ದೂ ಅದೇ ನದಿಗಳ ದಾರಿಯಲ್ಲಿ. ಹಾಗಾಗಿ ಚರಿತ್ರೆ ಬೇಕಿದ್ದರೆ ಅಳಿವೆಯ ಪಕ್ಕದ ತೀರ ಹುಡುಕಬೇಕು. ಆದರೆ ನೀರಿಗಿಳಿಯುವವರಿಗೆ ಮಾತು ಉಲ್ಟಾ: ಅಳಿವೆಯ ಬಾಯಲ್ಲಿ ಸೆಳೆತ ಹೆಚ್ಚು, ಅಲ್ಲಿ ಕಾಲಿಡಬಾರದು. ನೋಡುವ ಜಾಗ ಒಂದು, ಮೀಯುವ ಜಾಗ ಇನ್ನೊಂದು ಎಂದು ನನ್ನ ಹಾಳೆಯಲ್ಲಿ ಎರಡು ಬಣ್ಣ ಹಚ್ಚಿದ್ದೇನೆ.

ಅಷ್ಟು ದೂರದ ಕರಾವಳಿಯೇ ಏಕೆ ಎಂದು ಕೇಳುವವರಿಗೆ ಒಂದು ಮಾತು. ಹೈದರಾಬಾದಿಗೂ ಹಿಂದೆ ಕಡಲಿತ್ತು. ಗೋಲ್ಕೊಂಡದ ಬಂದರು ಮಚಲೀಪಟ್ಟಣ. 1759ರಲ್ಲಿ ಅದು ಇಂಗ್ಲಿಷರ ವಶವಾಯಿತು. ಆ ಶತಮಾನ ಮುಗಿಯುವುದರೊಳಗೆ ನಿಜಾಮರ ರಾಜ್ಯಕ್ಕೆ ಕಡಲದಂಡೆಯೇ ಇಲ್ಲವಾಯಿತು. ನಮ್ಮ ವೇದಿಕೆಯ ಅರ್ಧ ಜನರ ತವರಾದ ಬೀದರ್, ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರು ಅದೇ ಕಡಲಿಲ್ಲದ ರಾಜ್ಯದಲ್ಲಿ ಬಾಳಿದವರು. ಆಗ ಕಾರವಾರ ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಮದ್ರಾಸ್ ಪ್ರಾಂತದಲ್ಲಿ. ಈ ಮೂರೂ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ನಮ್ಮ ಗುಂಪಿನಲ್ಲಿ ಯಾದಗಿರಿ ಕಡೆಯ ಹಿರಿಯರೊಬ್ಬರಿದ್ದಾರೆ, 68 ವರ್ಷ. ಸಮುದ್ರವನ್ನು ಅವರು ಇದುವರೆಗೆ ಸಿನಿಮಾದಲ್ಲಷ್ಟೇ ಕಂಡಿದ್ದಾರೆ. ಅವರು ಮೊದಲ ಸಲ ನೋಡುವ ಕಡಲು ಕನ್ನಡ ನಾಡಿನದಾಗಿರಲಿ ಎಂಬುದು ನನ್ನ ಪಕ್ಷಪಾತ. ಮುಚ್ಚಿಡುವುದಿಲ್ಲ.

ಹಾಳೆಯಲ್ಲಿ ಮೊದಲ ಅಂಕ ಹೊನ್ನಾವರಕ್ಕೆ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಸುಮಾರು 1342ರಲ್ಲಿ ಅಲ್ಲಿಗೆ ಬಂದಿದ್ದ. ದೊಡ್ಡ ಹಡಗುಗಳು ಒಳಬರಬಲ್ಲ ಅಳಿವೆಯ ಮೇಲೆ, ಕಡಲಿನಿಂದ ಅರ್ಧ ಮೈಲಿ ಒಳಗೆ ಊರಿದೆ ಎಂದು ಬರೆದಿದ್ದಾನೆ. ಅಲ್ಲಿನ ಸುಲ್ತಾನ ಜಮಾಲುದ್ದೀನ ವಿಜಯನಗರದ ಹರಿಹರನ ಅಧೀನದಲ್ಲಿದ್ದವನು. ಇದೆಲ್ಲ ರಾಜಕೀಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆತ ಕೊಡುವ ಒಂದು ಲೆಕ್ಕ: ಆ ಊರಿನಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13. ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠ. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎಂದು ಸೇರಿಸುತ್ತಾನೆ. ಅಷ್ಟು ಹೊತ್ತಿಗೆ ಈಜಿಪ್ಟ್, ಮೆಕ್ಕಾ, ದೆಹಲಿ ಎಲ್ಲ ಸುತ್ತಿ ಬಂದಿದ್ದ ಮನುಷ್ಯ ಹೇಳುವ ಮಾತಿದು. ಎಲ್ಲರಿಗೂ ಬಾಯಿಪಾಠ ಎಂಬಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು; ಪ್ರವಾಸಿಗಳ ಬಾಯಿ ದೊಡ್ಡದು. ಆದರೆ 13 ಎಂಬುದು ಸುಮ್ಮನೆ ಹೊಳೆಯುವ ಸಂಖ್ಯೆಯಲ್ಲ, ಯಾರನ್ನೋ ಕೇಳಿ ಬರೆದಿಟ್ಟ ಸಂಖ್ಯೆ ಎಂದೇ ನನಗನ್ನಿಸುತ್ತದೆ.

ಊಟದ ವಿವರ ಇನ್ನೂ ಸೊಗಸು. ಸುಲ್ತಾನನ ಮನೆಯಲ್ಲಿ ರೇಷ್ಮೆ ಉಟ್ಟ ಹೆಣ್ಣಾಳು ತಾಮ್ರದ ದೊಡ್ಡ ಸೌಟಿನಿಂದ ಅನ್ನ ಬಡಿಸಿ, ಮೇಲೆ ತುಪ್ಪ ಹಾಕಿ, ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳನ್ನು ಇಡುತ್ತಾಳೆ. ಹಲವು ಬಗೆಯ ಮೇಲೋಗರಗಳಾದ ಮೇಲೆ ಕಡೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ತಿಳಿಯಬೇಕು ಎಂದು ಆತ ಓದುಗರಿಗೆ ಬಿಡಿಸಿ ಹೇಳುತ್ತಾನೆ. 680 ವರ್ಷಗಳ ನಂತರವೂ ನಮ್ಮ ಸಂಘದ ಯುಗಾದಿ ಊಟ ಮುಗಿಯುವುದು ಅಲ್ಲಿಗೇ.

ಶರಾವತಿಯಲ್ಲಿ ಹೊನ್ನಾವರದಿಂದ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಅಲ್ಲಿನ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು ಎನ್ನುತ್ತಾರೆ. ಯುರೋಪಿಗೆ ಹೋಗುವ ಮೆಣಸಿನ ಮೇಲೆ ಅವಳಿಗಿದ್ದ ಹಿಡಿತದಿಂದಾಗಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕುಮಟಾ ಹತ್ತಿರದ ಮಿರ್ಜಾನ ಕೋಟೆಯನ್ನು ಅವಳೇ ಕಟ್ಟಿಸಿದಳೆಂದು ಪ್ರತೀತಿ. ಮಳೆ ನಿಂತ ಕೂಡಲೇ ಹೋದರೆ ಆ ಕೆಂಪುಕಲ್ಲಿನ ಗೋಡೆಗಳು ಪೂರ್ತಿ ಹಸಿರು ಹಾಸು ಹೊದ್ದಿರುತ್ತವೆ. ಯುರೋಪಿನ ಯಾವುದೇ ಊರು ಇಂಥ ರಾಣಿಯ ಹೆಸರಲ್ಲಿ ಒಂದು ಮ್ಯೂಸಿಯಂ, ನಾಲ್ಕು ಹೋಟೆಲು ಮಾಡಿಕೊಂಡಿರುತ್ತಿತ್ತು. ನಾವು ಶಾಲೆಯಲ್ಲಿ ಅವಳ ಬಗ್ಗೆ ಒಂದು ಸಾಲೂ ಓದಲಿಲ್ಲ. 1606ರ ಹೊತ್ತಿಗೆ ಇಕ್ಕೇರಿಯ ವೆಂಕಟಪ್ಪ ನಾಯಕ ಅವಳ ರಾಜ್ಯ ಗೆದ್ದುಕೊಂಡ. ಈ ವೆಂಕಟಪ್ಪನ ಹೆಸರು ನೆನಪಿಟ್ಟುಕೊಳ್ಳಿ, ಉಳ್ಳಾಲದಲ್ಲಿ ಮತ್ತೆ ಬರುತ್ತಾನೆ.

ನಡುವೆ ಕೆಲವು ತೀರಗಳನ್ನು ಬೇಗ ದಾಟುತ್ತೇನೆ. ಗೋಕರ್ಣದ ಓಂ ಬೀಚಿಗೆ ನಮ್ಮ ಹಿರಿಯರ ಮಂಡಿ ಒಪ್ಪುವುದಿಲ್ಲ, ಮೆಟ್ಟಿಲು ಜಾಸ್ತಿ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ವ್ಯಾನು ನಿಲ್ಲಿಸಿ ನೋಡಿದರೆ ಸಾಕು. ಕಾರವಾರದ ತೀರಕ್ಕೆ ಠಾಗೋರರ ಹೆಸರಿದೆ. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತರುಣ ರವೀಂದ್ರರು ತಂಗಿ, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ನಾನು ಹೇಳಬೇಕೆಂದಿರುವುದು ಅತ್ತಿಗೆಯ ಬಗ್ಗೆ. ಜ್ಞಾನದಾನಂದಿನಿ ದೇವಿ 1877ರಲ್ಲಿ ಗಂಡ ಜೊತೆಗಿಲ್ಲದೆ, ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದವರು. ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ, ಕುಪ್ಪಸ ಮತ್ತು ಒಳಲಂಗದ ಜೊತೆ ನೆರಿಗೆ ಹಿಡಿದು ಸೀರೆ ಉಡುವ ಕ್ರಮವನ್ನು ಬಂಗಾಳಕ್ಕೆ ಒಯ್ದವರೂ ಅವರೇ. ತೀರಕ್ಕೆ ಮೈದುನನ ಹೆಸರು ಬಂತು.

ಮಲ್ಪೆಯದು ವಿಚಿತ್ರ ಕತೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಒಂದು ಪ್ಯಾಪಿರಸ್ ಹಾಳೆಯಲ್ಲಿ ಗ್ರೀಕ್ ಪ್ರಹಸನವೊಂದಿದೆ. ಭಾರತದ ಕಡಲದಂಡೆಯಲ್ಲಿ ಸೆರೆಯಾದ ಖಾರಿಶನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಅಲ್ಲಿನ ರಾಜನಿಗೆ ಕಂಠಮಟ್ಟ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ದಂಡೆಯ ಜನ ಆಡುವ ಗ್ರೀಕಲ್ಲದ ಮಾತು ಕನ್ನಡವೇ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅದರಲ್ಲಿ ಮಲ್ಪೆಯ ಹೆಸರನ್ನೇ ಕಂಡರು. ಬಾರ್ನೆಟ್ ಎಂಬ ವಿದ್ವಾಂಸರು ಇದೆಲ್ಲ ನಿಲ್ಲುವ ವಾದವಲ್ಲ ಎಂದರು. ನನಗೆ ಬಾರ್ನೆಟ್ ಸರಿ ಎನಿಸುತ್ತದೆ, ಮನಸ್ಸು ಮಾತ್ರ ಪೈಗಳ ಕಡೆ. ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಇನ್ನು ಉಳ್ಳಾಲ. ಚೌಟ ಅರಸುಮನೆತನದಲ್ಲಿ ಅಳಿಯಸಂತಾನ ಪದ್ಧತಿ, ಪಟ್ಟ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದ ಅಬ್ಬಕ್ಕನ ಕತೆ ನಮಗೆಲ್ಲ ಗೊತ್ತು. ಅವಳ ಹೆಸರಿನ ಕರಾವಳಿ ಕಾವಲು ಪಡೆಯ ಹಡಗೂ ಇದೆ. ಅದನ್ನು ಕಟ್ಟಿದ್ದು ವಿಶಾಖಪಟ್ಟಣದಲ್ಲಿ, ಋಷಿಕೊಂಡ ಪಕ್ಷದವರು ಬೇಕಾದರೆ ಒಂದು ಅಂಕ ತೆಗೆದುಕೊಳ್ಳಲಿ. ಆದರೆ ಅಬ್ಬಕ್ಕ ಒಬ್ಬಳೇ ಅಲ್ಲ. ಪೋರ್ಚುಗೀಸರ ಜೊತೆಗಿನ ಕಾಳಗಗಳು 1550 ಮತ್ತು 60ರ ದಶಕಗಳಲ್ಲೇ ಶುರುವಾಗಿದ್ದವು. ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡದ್ದು 1623ರಲ್ಲಿ, ಆಗ ಅವಳಿಗೆ ಸುಮಾರು 40 ವರ್ಷ ಎಂದು ಬರೆಯುತ್ತಾನೆ. ಸಾಮಾನ್ಯ ವ್ಯವಕಲನ ಸಾಕು: ಇವಳು ಹುಟ್ಟುವ ಮೊದಲೇ ಆ ಮೊದಲ ಯುದ್ಧಗಳು ಮುಗಿದಿದ್ದವು. ಇಬ್ಬರೋ ಮೂವರೋ ಅಬ್ಬಕ್ಕಂದಿರನ್ನು ನಾವು ಒಬ್ಬಳನ್ನಾಗಿ ಮಾಡಿ ಪ್ರತಿಮೆ ನಿಲ್ಲಿಸಿದ್ದೇವೆ. ಒಬ್ಬಳು ವೀರವನಿತೆ ಅಪವಾದ ಎನಿಸಿಕೊಳ್ಳಬಹುದು. ತಲೆಮಾರಿನ ಮೇಲೆ ತಲೆಮಾರು ಹೆಂಗಸರೇ ನಿಂತು ಕಾದರು ಎಂದರೆ ಅದು ಆಡಳಿತ. ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ.

ದೆಲ್ಲಾ ವಾಲ್ಲೆ ಬಂದದ್ದು ಗೋವಾದಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ. ದಾರಿಯಲ್ಲಿ ಪಾಳುಬಿದ್ದ ಗೇರುಸೊಪ್ಪೆಯನ್ನೂ ನೋಡಿದ್ದ. ಉಳ್ಳಾಲದ ರಾಣಿಗೂ ಅವಳ ಗಂಡ ಬಂಗರಸನಿಗೂ ವಿರಸವಾಗಿ, ಅವನು ಪೋರ್ಚುಗೀಸರನ್ನು ಕರೆದಾಗ ಇವಳು ವೆಂಕಟಪ್ಪ ನಾಯಕನನ್ನು ಕರೆದಳು. ಮೆಣಸಿನ ರಾಣಿಯನ್ನು ಮುಗಿಸಿದವನೇ ಇಲ್ಲಿ ಇನ್ನೊಬ್ಬ ರಾಣಿಗೆ ಒತ್ತಾಸೆ. ಪೋರ್ಚುಗೀಸರು ಸೋತರು. ಅಂಥ ರಾಣಿಯನ್ನು ನೋಡಲೆಂದೇ ಆತ ಮಂಗಳೂರಿನಿಂದ ಒಳನಾಡಿನ ಮನೇಲ್‌ಗೆ ಹೋದ. ಅರಮನೆ, ಸಿಂಹಾಸನ ಏನೂ ಇಲ್ಲ. ಬೀದಿಯಲ್ಲಿ ಕೆಲವೇ ಜನರೊಂದಿಗೆ ಎದುರಾದಳು. ಬರಿಗಾಲು, ದಪ್ಪ ಬಿಳಿ ಹತ್ತಿಬಟ್ಟೆ, ಕಪ್ಪು ಮೈಬಣ್ಣ, ಗಟ್ಟಿ ಮೈಕಟ್ಟು, ಚುರುಕು ನಡಿಗೆ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಅಡುಗೆಯಾಳಿನಂತೆ ಕಂಡಳು ಎಂದು ಬರೆಯುತ್ತಾನೆ ಆ ರೋಮಿನ ಮಹಾಶಯ. ಸ್ಪೇನಿನ ದೊರೆಯ ಸೈನ್ಯವನ್ನು ಸೋಲಿಸಿದ್ದು ಇವಳೇನಾ ಎಂದು ಬೆರಗಾಗುತ್ತಾನೆ (ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಕೆಳಗಿತ್ತು). ಆದರೆ ಅವಳು ಮಾತಾಡತೊಡಗಿದಾಗ ಆ ದನಿಗೂ ವಿವೇಕಕ್ಕೂ ತಲೆದೂಗುತ್ತಾನೆ. ಉಟ್ಟದ್ದನ್ನು ನೋಡಿ ಅಳೆದವನಿಗೆ ಮಾತು ಕೇಳಿದ ಮೇಲೆ ಲೆಕ್ಕ ತಿದ್ದಬೇಕಾಯಿತು. ಆಫೀಸಿನ ಮೀಟಿಂಗುಗಳಲ್ಲಿ ಕೂತು ಬಂದ ನಮ್ಮಲ್ಲಿ ಅನೇಕರಿಗೆ ಈ ದೃಶ್ಯ ಹೊಸದೇನಲ್ಲ.

ಇಷ್ಟೆಲ್ಲ ಆದ ಮೇಲೆ ಹಾಳೆ ಹೇಳುವುದು ಇದು. ಕಾಚಿಗುಡದಿಂದ ಮಂಗಳೂರು ರೈಲು ಕೇರಳ ಸುತ್ತಿಕೊಂಡು ಹೋಗುತ್ತದೆ, ಬೇಸರವಾದರೂ ಅದೇ ಅನುಕೂಲ. ಇಳಿದ ಸಂಜೆ ಉಳ್ಳಾಲ, ಸೂರ್ಯ ಮುಳುಗುವುದನ್ನು ನೋಡುವುದಕ್ಕಷ್ಟೇ. ಕಡಲಕೊರೆತದಿಂದ ಬಳಲಿರುವ ದಂಡೆ ಅದು, ಬಂಡೆಗಳನ್ನು ಪೇರಿಸಿದ್ದಾರೆ, ನೀರಿಗೆ ಇಳಿಯುವುದು ಬೇಡ. ಮಾರನೆಯ ದಿನ ಮಲ್ಪೆ ಮತ್ತು ದ್ವೀಪ, ರಾತ್ರಿಗೆ ಹೊನ್ನಾವರ. ಮೂರನೆಯ ದಿನ ಶರಾವತಿಯ ಅಳಿವೆಯಿಂದ ದಕ್ಷಿಣಕ್ಕಿರುವ ಕಾಸರಕೋಡು. ಪಡುಬಿದ್ರಿಯ ಜೊತೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ತೀರವಿದು. ಹಿರಿಯರು ಮಣಕಾಲುದ್ದ ನೀರಿನಲ್ಲಿ ನಿಲ್ಲುವುದಾದರೆ ಇಲ್ಲಿ, ಕಾವಲಿನವರು ತೋರಿಸಿದ ಜಾಗದಲ್ಲಿ ಮಾತ್ರ. ನಾಲ್ಕನೆಯ ದಿನ ಮಿರ್ಜಾನ, ಅಲ್ಲಿಂದ ವಾಪಸು. ದಸರೆಯ ನಂತರ, ಜನವರಿಯ ಒಳಗೆ.

ಕಾಸರಕೋಡಿನ ಪಕ್ಕದಲ್ಲೇ ಟೊಂಕ. ಅಲ್ಲಿನ ಮರಳಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ, ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅಲ್ಲಿಗೆ ಬರಲಿರುವ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ, ಆ ಹೆಂಗಸರೂ ಬೀದಿಗಿಳಿದಿದ್ದಾರೆ. ಮೂರನೆಯ ದಿನದ ಮಧ್ಯಾಹ್ನದ ಮುಂದೆ ನಾನು ಏನನ್ನೂ ತುಂಬಿಸಿಲ್ಲ. ಅವರು ಒಪ್ಪಿದರೆ ಆ ಹೊತ್ತು ಅವರ ಜೊತೆ ಕೂತು ಮಾತಾಡೋಣ. ಒಣಮೀನು ಕೊಳ್ಳುವವರು ಗಟ್ಟಿ ಡಬ್ಬಿ ತನ್ನಿ, ಹಿಂದಿರುಗುವ ಬೋಗಿಯಲ್ಲಿ ಶಾಕಾಹಾರಿಗಳೂ ಇರುತ್ತಾರೆ.